ಎರಡು ಬ್ರೇಕಿನ ಕಾರು

ನಮ್ಮನೆಯವರು ಕಾರು ಓಡಿಸುವುದನ್ನು ಕಲಿಸುವ ಮೇಷ್ಟ್ರು. ಅವರ ಕಾರಿಗೆ ಬ್ರೇಕು ಎರಡು. ಒಂದು ಕಲಿಯುವವರ ಕಾಲಡಿಗೆ, ಇನ್ನೊಂದು ಪಕ್ಕದಲ್ಲಿ ಕೂತ ಇವರ ಕಾಲಡಿಗೆ. ಲಾಕ್‌ಡೌನ್ ಬಂದ ಮೇಲೆ ಎರಡಕ್ಕೂ ಕೆಲಸವಿಲ್ಲದೆ ಕಾರು ಮನೆ ಮುಂದೆ ಧೂಳು ತಿನ್ನುತ್ತಿತ್ತು.

ಇನ್ನೆರಡು ವಾರ ಅಷ್ಟೇ ಎಂದು ಇವರು ಮೊದಲು ಹೇಳಿದಾಗ ನಾನೂ ನಂಬಿದೆ. ಅದು ಮುಗಿದಾಗ ಸರ್ಕಾರ ಮತ್ತೆರಡು ವಾರ ಕೊಟ್ಟಿತು. ಹೀಗೇ ಬೇಸಿಗೆ ಕಳೆಯಿತು. ಟಿವಿಯ ಪಂಡಿತರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಬೇಗ ತೆರೆಯುತ್ತದೆ ಎನ್ನುವವರ ಮಾತಿಗೆ ಮಾತ್ರ ಇವರು ಸೌಂಡು ಜಾಸ್ತಿ ಮಾಡುತ್ತಿದ್ದರು. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಅನ್ನುತ್ತಾರೆ, ನಮ್ಮಲ್ಲಿ ಕುಡಿಕೆಯೇ ಇರಲಿಲ್ಲ. ಕಾರು ಮಾರೋಣ ಎಂದೆ. ಇವರು ಮುಖ ಊದಿಸಿಕೊಂಡರು. ಮಾರಿದ ಮರುದಿನವೇ ತೆರೆದರೆ ಊರವರ ಮುಂದೆ ನಗೆಪಾಟಲಾಗುತ್ತೇವೆ, ಅಂಥ ಇನ್ನೊಂದು ಕಾರು ಈ ಜನ್ಮದಲ್ಲಿ ಆಗುವ ಮಾತಲ್ಲ ಎಂದು ವಾದಿಸಿದರು. ವಾದ ಸರಿಯಾಗಿಯೇ ಇತ್ತು. ಅಡುಗೆಮನೆಯ ಡಬ್ಬಿಗಳಿಗೆ ಮಾತ್ರ ಅದು ತಿಳಿಯಲಿಲ್ಲ.

ಆಗ ನಮ್ಮ ಬೀದಿಯಲ್ಲಿ ವ್ಯಾಪಾರ ಕುದುರಿದ್ದು ಔಷಧಿ ಅಂಗಡಿಯವನಿಗೆ ಒಬ್ಬನಿಗೇ. ಮನೆಮನೆಗೆ ಔಷಧಿ ಮುಟ್ಟಿಸಲು ಅವನಿಗೆ ಕಾರು ಬೇಕಿತ್ತು. ಓಡಿಸಿ ನೋಡಲು ಬಂದ. ಇವರು ಅಭ್ಯಾಸಬಲದಿಂದ ಪಕ್ಕದ ಸೀಟಿನಲ್ಲಿ ಕೂತರು, ನಾನು ಹಿಂದೆ. ರಸ್ತೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಆದರೂ ಮೊದಲ ತಿರುವಿನಲ್ಲಿ ಕಾರು ಗಕ್ಕನೆ ನಿಂತಿತು. ಮುಂದಿನ ತಿರುವಿನಲ್ಲೂ ನಿಂತಿತು. ಅಂಗಡಿಯವನು ಇಂಜಿನ್ ಆರಿಸಿ ಇವರ ಕಾಲನ್ನೇ ನೋಡಿದ.

“ಮೇಷ್ಟ್ರೇ, ಮಾರೋಕೆ ಇಷ್ಟ ಇಲ್ಲ ಅಂದ್ರೆ ಬಾಯಲ್ಲಿ ಹೇಳಿ. ಕಾಲಲ್ಲಿ ಯಾಕೆ ಹೇಳ್ತೀರಿ?”

ನನಗೆ ನಗು ಬಂತು, ಇವರಿಗೆ ಬರಲಿಲ್ಲ. ಎರಡನೇ ಬ್ರೇಕು ಬಿಚ್ಚಿಕೊಟ್ಟರೆ ತೆಗೆದುಕೊಳ್ಳುತ್ತೇನೆ ಎಂದ ಅವನು. ಸಂಜೆ ಇವರು ಸ್ಪ್ಯಾನರ್ ಹಿಡಿದು ಕಾರಿನೊಳಗೆ ಬಗ್ಗಿ ಅದನ್ನು ಬಿಚ್ಚಿದರು. ಬಾಗಿಲ ಮೇಲಿದ್ದ ಡ್ರೈವಿಂಗ್ ಸ್ಕೂಲಿನ ಹೆಸರನ್ನು ನಾನು ಕೆರೆದೆ. ಬೆಳಿಗ್ಗೆ ಅವನು ಬಂದು ಕಾರು ಒಯ್ದ.

ಆಮೇಲೆ ನಮ್ಮ ಮನೆಯಲ್ಲಿ ಹೊಸ ಹೆದರಿಕೆ ಶುರುವಾಯಿತು. ಈಗ ತೆರೆದುಬಿಟ್ಟರೆ? ಕಲಿಯಬೇಕೆಂದಿದ್ದವರು ಫೋನ್ ಮಾಡಿ ಕ್ಲಾಸು ಯಾವಾಗ ಎಂದು ಕೇಳಿದರೆ, ಅಷ್ಟು ಸುಲಭಕ್ಕೆ ಎಲ್ಲಿ ತೆರೆಯುತ್ತದೆ ಎಂದು ಇವರು ಗದರುತ್ತಿದ್ದರು. ಟಿವಿಯಲ್ಲಿ ಸುದ್ದಿ ಹಾಕಲು ನನಗೂ ಧೈರ್ಯವಿರಲಿಲ್ಲ.

ಆ ವಾರದ ಕೊನೆಗೆ ಘೋಷಣೆ ಬಂತು. ಇನ್ನೂ ಒಂದು ತಿಂಗಳು ಎಲ್ಲ ಮುಚ್ಚಿರಬೇಕು. ಹೋಟೆಲು ನಡೆಸುವ ಎದುರುಮನೆಯವರು, ಅವರ ಹೆಂಡತಿ, ಇಬ್ಬರೂ ಮೆಟ್ಟಿಲ ಮೇಲೆ ತಲೆ ಮೇಲೆ ಕೈ ಹೊತ್ತು ಕೂತರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇವರ ಮುಖವೂ ಅರಳಿತು. ಎಷ್ಟೋ ದಿನಗಳ ಮೇಲೆ ಎರಡನೇ ಸಲ ಬಡಿಸಿಕೊಂಡು ಉಂಡರು. ಉಣ್ಣುತ್ತಿದ್ದವರು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದರು.

“ಆ ಕಿಟಕಿ ಹಾಕು,” ಎಂದರು. “ನಾವು ನಗ್ತಿರೋದು ಅವರಿಗೆ ಕಾಣುತ್ತೆ.”

ನಾನು ಎದ್ದು ಹಾಕಿದೆ.