ಕಾರಿನ ಅಡಿಯ ದಾರ

ಮೆಕ್ಯಾನಿಕ್ ಮಾನಪ್ಪ ಕಾರಿನ ಅಡಿಗೆ ನುಸುಳಿ ಐದು ನಿಮಿಷ ಆಗಿರಲಿಲ್ಲ, ಒಳಗಿನಿಂದಲೇ ನಗಲು ಶುರುಮಾಡಿದ.

"ಯಾವ ಪುಣ್ಯಾತ್ಮ ಕಟ್ಟ್ಯಾನ್ರೀ ಇದನ್ನ? ಕ್ಲಿಪ್ ಹಾಕೋ ತೂತಿನ್ಯಾಗ ದಾರ ಪೋಣಿಸ್ಯಾನಲ್ರೀ!"

ಗ್ಯಾರೇಜಿನ ಬಾಗಿಲಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಮುರಾರಿ ರಾಯರು ಕುಳಿತಿದ್ದರು. ಅವರ ಮಡಿಲಲ್ಲಿ ಹೊಸ ಕ್ಲಿಪ್ಪುಗಳ ಪೊಟ್ಟಣವಿತ್ತು. ಹೆಬ್ಬೆರಳ ತುದಿಯಷ್ಟು ದೊಡ್ಡ ಕಪ್ಪು ಪ್ಲಾಸ್ಟಿಕ್ ಕ್ಲಿಪ್ಪುಗಳು. ರಸ್ತೆಯ ಕೆಸರು, ನೀರು ಇಂಜಿನ್ನಿಗೆ ಸಿಡಿಯದಂತೆ ಕಾರಿನ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಕವರು ಇರುತ್ತದೆ. ಅದನ್ನು ಎತ್ತಿ ಹಿಡಿಯುವುದು ಇಂಥ ಹತ್ತು ಕ್ಲಿಪ್ಪುಗಳು. ಹಳೆಯವು ಸವೆದು, ಕಾಲು ಮುರಿದು, ಒಂದೊಂದಾಗಿ ಉದುರಿಹೋಗಿದ್ದವು. ಉಳಿದದ್ದು ಮೂರು.

ಡೊಂಬಿವಲಿಯ ಮಾನಪಾಡಾ ರಸ್ತೆಯಲ್ಲಿ ಆ ಭಾನುವಾರ ಬೆಳಿಗ್ಗೆ ಮೋಡ ಕವಿದಿತ್ತು, ಮಳೆ ಹಿಡಿದಿರಲಿಲ್ಲ. ಕಾರು ರಾಯರ ವಸತಿ ಸೊಸೈಟಿಯ ಪಾರ್ಕಿಂಗಿನಲ್ಲಿ ಹನ್ನೊಂದು ತಿಂಗಳು ಧೂಳು ಹೊದ್ದು ನಿಂತಿತ್ತು. ಅದನ್ನು ಖಾರಘರದ ತನ್ನ ಮನೆಗೆ ಒಯ್ಯಲು ಸೊಸೆ ಶ್ರೀಪ್ರಿಯಾ ಬಂದಿದ್ದಳು. ಗಂಡ ತೀರಿಹೋದ ಮೇಲೆ ಅವಳು ಎಂಟು ವರ್ಷದ ಮಗ ಮನೀಶನನ್ನು ಕರೆದುಕೊಂಡು ಆಫೀಸಿನ ಹತ್ತಿರವೇ ಬಾಡಿಗೆ ಮನೆ ಹಿಡಿದಿದ್ದಳು. ಬ್ಯಾಟರಿ ಹಾಕಿಸಿಯಾಗಿತ್ತು, ಗಾಳಿ ತುಂಬಿಸಿಯಾಗಿತ್ತು. ಅಡಿಯ ಕವರು ಮಾತ್ರ ಅಪಘಾತದ ನಂತರ ಪೊಲೀಸ್ ಠಾಣೆಯಲ್ಲಿ ಯಾರೋ ಸಿಕ್ಕಿಸಿದ ತಂತಿಯ ಮೇಲೆ ಜೋತಾಡುತ್ತಿತ್ತು.

"ಕೇಳಿದ್ರಾ ಮಾವ? ದಾರವಂತೆ," ಎಂದಳು ಶ್ರೀಪ್ರಿಯಾ. ಅವಳ ಕಣ್ಣು ಮೊಬೈಲಿನ ಮೇಲೆಯೇ ಇತ್ತು. "ಹತ್ತು ಸಲ ಹೇಳಿದ್ದೆ, ಕ್ಲಿಪ್ ಹಾಕಿಸಿ, ಹಾಕಿಸಿ ಅಂತ. 'ಆಗಿದೆ, ಆಗಿದೆ' ಅಂದ್ರು. ಇದು ಆದದ್ದು! ಹೆಂಡ್ತಿಯ ಬಾಯಿ ಮುಚ್ಚಿಸ್ಲಿಕ್ಕೆ ಒಂದು ಸುಳ್ಳು."

ಮುರಾರಿ ರಾಯರು ಪೊಟ್ಟಣದ ಬಾಯಿಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

ಹೋದ ಆಷಾಢದಲ್ಲಿ ಅವರ ಮಗ ಅಭಿಜಿತ್ ಕಲ್ಯಾಣ–ಶಿಳ್ ರಸ್ತೆಯಲ್ಲಿ ಮಳೆಯ ನಡುವೆ ಬರುತ್ತಿದ್ದ. ಅಡಿಯ ಕವರು ಕಳಚಿ ರಸ್ತೆಗೆ ಉಜ್ಜತೊಡಗಿತು. ಕಾರು ಬದಿಗೆ ಹಾಕಿ, ಏನಾಯಿತೆಂದು ಬಗ್ಗಿ ನೋಡುತ್ತಿದ್ದ. ಹಿಂದಿನಿಂದ ಬಂದ ನೀರಿನ ಟ್ಯಾಂಕರಿಗೆ ಬಗ್ಗಿದ ಮನುಷ್ಯ ಕಾಣಲಿಲ್ಲ. ಅಷ್ಟೇ. ಅದಕ್ಕಿಂತ ಹೆಚ್ಚಿನದನ್ನು ಮುರಾರಿ ರಾಯರು ಯಾರ ಬಾಯಿಂದಲೂ ಕೇಳಲಿಲ್ಲ.

"ಇನ್ನು ಹದಿನೈದು ದಿನಕ್ಕೆ ವರ್ಷಾಂತ," ಎಂದರು ಅವರು ಮೆಲ್ಲಗೆ. "ನೀನೂ ಮನೀಶನೂ ಹಿಂದಿನ ದಿನವೇ ಬಂದರೆ..."

"ನಾನು ಬರೂದಿಲ್ಲ ಅಂತ ಫೋನಲ್ಲೇ ಹೇಳಿದ್ದೆ."

"ಹೇಳಿದ್ದಿ. ಆದರೂ..."

"ಯಾರ ಶ್ರಾದ್ಧಕ್ಕೆ ಬರ್ಲಿ ಮಾವ? ಬೆರಳಷ್ಟು ಪ್ಲಾಸ್ಟಿಕ್ ಹಾಕಿಸ್ಲಿಕ್ಕೆ ಉದಾಸೀನ ಮಾಡಿ ಪ್ರಾಣ ಕೊಟ್ಟವರದ್ದಾ? ನನ್ನನ್ನು ಬಿಡಿ, ಮಗುವಿನ ನೆನಪಾದ್ರೂ ಬೇಡ್ವಾ ಅವರಿಗೆ? ಮನೀಶ ಮೊನ್ನೆ ಕೇಳ್ದ, ಪಪ್ಪಾ ಕೀ ಗಲ್ತೀ ಥೀ ಕ್ಯಾ, ಪಪ್ಪನದ್ದೇ ತಪ್ಪಾ ಅಂತ. ಹೌದು ಅಂದೆ. ಮತ್ತೆಂತ ಹೇಳೂದು?"

ಶ್ರೀಪ್ರಿಯಾ ಥಾಣೆ ಶಹರದಲ್ಲಿ ಹುಟ್ಟಿ ಬೆಳೆದ ಹುಡುಗಿ. ತೌರಿನವರು ಉಡುಪಿಯವರೇ. ಸಿಟ್ಟು ಬಂದರೆ ಮಾತಿನ ನಡುವೆ ಹಿಂದಿ ನುಗ್ಗುತ್ತಿತ್ತು.

ಹೌದು ಅಂದೆ ಎಂಬ ಮಾತು ಮುರಾರಿ ರಾಯರ ಕಿವಿಯಲ್ಲಿ ಕುದಿಯುವ ಎಣ್ಣೆ ಹೊಯ್ದಂತೆ ಇಳಿಯಿತು. ತಂದೆಯ ತಪ್ಪಿನಿಂದ ತಂದೆ ಸತ್ತ ಎಂದು ಎಂಟು ವರ್ಷದ ಮಗು ಕಲಿಯುತ್ತಿದೆ. ತಪ್ಪು ಮಾಡಿದವನು ಇಲ್ಲಿ ಸ್ಟೂಲಿನ ಮೇಲೆ ಕುಳಿತು ಪೊಟ್ಟಣ ಮಡಚುತ್ತಿದ್ದಾನೆ.

ಮುರಾರಿ ರಾಯರು ರೈಲ್ವೆ ಸ್ಟೇಷನ್ನಿನ ಬಳಿ ನಲವತ್ತೊಂದು ವರ್ಷ ಹೊಟೇಲು ನಡೆಸಿದವರು. ಪಾರ್ಸಲ್ ಕೌಂಟರಿನ ಮೇಲೆ ತೂಗುಬಿಟ್ಟ ಬಿಳಿ ದಾರದ ಉಂಡೆ ಅವರ ಬಲಗೈ ಇದ್ದಂತೆ. ಇಡ್ಲಿ ಪೊಟ್ಟಣಕ್ಕೆ ಅದೇ ದಾರ. ಹರಿದ ಗೋಣಿಯ ಬಾಯಿಗೆ, ಸೌಟಿನ ಸಡಿಲ ಹಿಡಿಗೆ, ಶಟರಿನ ಮುರಿದ ಕೊಂಡಿಗೂ ಅದೇ. ಎರಡು ಸುತ್ತು, ಒಂದು ಗಂಟು, ಬೆರಳಿನಿಂದಲೇ ಫಟ್ಟೆಂದು ಹರಿಯುವುದು. ಕತ್ತರಿ ಮುಟ್ಟುವ ಮಾಣಿಯನ್ನು ಅವರು ಬೈಯುತ್ತಿದ್ದರು. ಹೊಟೇಲು ಮುಚ್ಚಿ ಬರುವಾಗ ಪಾತ್ರೆಗಳನ್ನೆಲ್ಲ ಕೊಟ್ಟುಬಿಟ್ಟರು, ದಾರದ ಉಂಡೆಯೊಂದನ್ನು ಮನೆಗೆ ತಂದರು.

ಹೋದ ವರ್ಷ ಮಳೆಗಾಲದ ಮೊದಲು, ಕವರು ಜೋಲುತ್ತಿದೆ, ಶನಿವಾರ ಕ್ಲಿಪ್ ಹಾಕಿಸಬೇಕು ಎಂದು ಅಭಿಜಿತ್ ಊಟಕ್ಕೆ ಕುಳಿತಾಗ ಹೇಳಿದ್ದ. ಮರುದಿನ ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ, ಎಪ್ಪತ್ತರ ಪ್ರಾಯದ ರಾಯರು ಪಾರ್ಕಿಂಗಿನಲ್ಲಿ ಗೋಣಿ ಹಾಸಿ ಕಾರಿನ ಅಡಿಗೆ ಹೋಗಿದ್ದರು. ಏಳು ತೂತಿಗೆ ಏಳು ಕಟ್ಟು, ನಾಲ್ಕೆಳೆ ದಾರ. ಮೈಯೆಲ್ಲ ಮಸಿ ಮಾಡಿಕೊಂಡು ಎದ್ದು ಬಂದಾಗ ಎದುರಿಗೆ ಮಗ ನಿಂತಿದ್ದ.

"ಅಪ್ಪ, ಇದು ಕಾರು. ಮಸಾಲೆ ದೋಸೆ ಪಾರ್ಸಲ್ ಅಲ್ಲ," ಎಂದು ನಕ್ಕಿದ್ದ. "ಶನಿವಾರ ನಾನು ಕ್ಲಿಪ್ ಹಾಕಿಸ್ತೇನೆ."

"ಹಾಕಿಸು, ಹಾಕಿಸು. ಅಪ್ಪ ಮಾಡಿದ್ದು ಯಾವಾಗ ನಿನ್ನ ಕಣ್ಣಿಗೆ ಸರಿ ಕಂಡದ್ದು? ನಲವತ್ತು ವರ್ಷದಲ್ಲಿ ನನ್ನ ಒಂದು ಗಂಟು ಬಿಚ್ಚಿದ್ದುಂಟಾ?"

ಎರಡು ದಿನ ಅವರು ಮಗನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಅಭಿಜಿತ್ ತಾನಾಗಿಯೇ ಹೇಳಿದ್ದ: "ಆಯ್ತಪ್ಪಾ, ನಿಮ್ಮ ಗಂಟೇ ಇರ್ಲಿ. ಗಟ್ಟಿ ಉಂಟು." ಶನಿವಾರ ಬಂತು, ಹೋಯಿತು. ಹೆಂಡತಿ ಕೇಳಿದಾಗ "ಆಗಿದೆ" ಎಂದ. ಅಪ್ಪ ಕಟ್ಟಿದ್ದು ಎಂದಿದ್ದರೆ ಅವಳು ಮಾವನ ಎದುರೇ ನಗುತ್ತಿದ್ದಳು, ಅದಕ್ಕಾಗಿ ಹೇಳಲಿಲ್ಲ.

ಹದಿಮೂರನೆಯ ದಿನ ಬಂದವರೆಲ್ಲ ಹರಿಚಿತ್ತ ಎಂದರು, ಆಯುಷ್ಯ ಅಷ್ಟೇ ಇತ್ತು ಎಂದರು. ಮುರಾರಿ ರಾಯರೂ ತಲೆಯಾಡಿಸಿದರು. ಅಂದಿನಿಂದ ನಿತ್ಯ ದೇವರ ಮುಂದೆ ಕುಳಿತರು, ಏಕಾದಶಿ ತಪ್ಪಿಸಲಿಲ್ಲ. ಆದರೆ ಹನ್ನೊಂದು ತಿಂಗಳು ಅವರು ಮಾಡಿದ್ದು ಪೂಜೆಯಲ್ಲ. ದೇವರ ಹೆಸರನ್ನು ಪರದೆಯ ಹಾಗೆ ಮುಂದೆ ಹಿಡಿದು ಅದರ ಹಿಂದೆ ಅಡಗಿ ಕುಳಿತಿದ್ದರು.

ಕಾರಿನ ಅಡಿಯಿಂದ ಮಾನಪ್ಪನ ಕೈ ಹೊರಗೆ ಬಂತು. ಅದರಲ್ಲಿ ಕೆಸರು ಕುಡಿದು ಕಪ್ಪಾಗಿದ್ದ ದಾರದ ತುಂಡೊಂದಿತ್ತು.

"ನೋಡ್ರಿ ಅಕ್ಕಾರ. ಇದು ಹೊಟೇಲಿನ್ಯಾಗ ಪೊಟ್ಣ ಕಟ್ಟೋ ದಾರ. ಕೂಲಿ ಮಾಡಾಗ ದಿನಾ ಬಿಚ್ಚೀನಿ, ಗುರ್ತಾ ಐತಿ ನನಗ. ಮಳ್ಯಾಗ ಇದು ತಿಂಗ್ಳು ತಡೀತದೇನ್ರಿ? ನೆಂದು ಕೊಳತು ಹರದೈತಿ. ಗಂಟು ಮಾತ್ರ ಬಿಚ್ಚಿಲ್ಲ ನೋಡ್ರಿ, ಕಲ್ಲಾಗಿ ಕುಂತೈತಿ. ಕಟ್ಟಿದಾಂವ ಭಾಳ ಶಾಣ್ಯಾ ಇರಬೇಕು!"

ರಾಯಚೂರು ಕಡೆಯ ಮನುಷ್ಯ, ಬಾಯಿ ದೊಡ್ಡದು, ಮನಸ್ಸಿನಲ್ಲಿ ಏನೂ ಇಲ್ಲ. ದಾರವನ್ನು ಬದಿಗೆ ಎಸೆದು, "ಅಜ್ಜಾರ, ಕ್ಲಿಪ್ ಕೊಡ್ರಿ" ಎಂದ.

ಮುರಾರಿ ರಾಯರು ಎದ್ದು ಬಂದು ನೆಲದ ಮೇಲೆ ಕುಕ್ಕರಿಸಿದರು. ಒಂದು ಕ್ಲಿಪ್ಪು ಕೊಟ್ಟರು. ಮಾನಪ್ಪ ಅದನ್ನು ತೂತಿಗಿಟ್ಟು, ನಡುವಿನ ಮೊಳೆಯನ್ನು ಹೆಬ್ಬೆರಳಿನಿಂದ ಒತ್ತಿದ. ಟಕ್ ಎಂದಿತು. ಇನ್ನೊಂದು ಕೊಟ್ಟರು. ಟಕ್. ಎಷ್ಟು ಸುಲಭದ ಕೆಲಸ! ಒಂದು ತೂತು ಸವೆದು ದೊಡ್ಡದಾಗಿತ್ತು. ಅದಕ್ಕೆ ವಾಷರ್ ಇಟ್ಟು ಕೂರಿಸಿದ. "ಇವು ಮೂರು ಹಳೇವೂ ತಗದುಬಿಡ್ತೀನ್ರಿ, ಜೀವ ಇಲ್ಲ ಅವಕ್ಕ" ಎಂದು ಸ್ಕ್ರೂಡ್ರೈವರಿನಿಂದ ಮೀಟಿದ. ಅವು ಪುಡಿಯಾಗಿ ಉದುರಿದವು. ಹತ್ತೂ ಕೂತವು. ಕವರಿಗೆ ಮುಷ್ಟಿಯಿಂದ ಗುದ್ದಿದ. ಅದು ಅಲುಗಲಿಲ್ಲ.

ಇಷ್ಟರಲ್ಲಿ ಕೆಲಸ ಮುಗಿದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಶ್ರೀಪ್ರಿಯಾ ಕಾರು ಹತ್ತಿ ಹೋಗುತ್ತಿದ್ದಳು. ದೀಪಾವಳಿಗೆ ಮನೀಶ ಅಜ್ಜನ ಮನೆಗೆ ಬರುತ್ತಿದ್ದ. ಎಲ್ಲವೂ ಇದ್ದ ಹಾಗೆಯೇ ಇರುತ್ತಿತ್ತು. ಸತ್ತ ಮಗ ಒಬ್ಬ ಸುಳ್ಳುಗಾರನಾಗಿ, ಸೋಮಾರಿಯಾಗಿ ಉಳಿಯುತ್ತಿದ್ದ. ಅವನಿಗೇನು, ಜಗಳಕ್ಕೆ ಬರುತ್ತಾನೆಯೇ?

"ಶ್ರೀಪ್ರಿಯಾ," ಎಂದರು ಮುರಾರಿ ರಾಯರು. ಅವರು ಇನ್ನೂ ಕುಕ್ಕರಿಸಿಯೇ ಇದ್ದರು. "ಆ ದಾರ ಕಟ್ಟಿದ್ದು ನಾನು."

ಅವಳು ಮೊಬೈಲಿನಿಂದ ತಲೆಯೆತ್ತಿದಳು.

"ಅವನು ಕ್ಲಿಪ್ ಹಾಕಿಸ್ತೇನೆ ಅಂತಲೇ ಹೇಳಿದ. ನಾನು ಬಿಡಲಿಲ್ಲ. ಮುಖ ಊದಿಸಿಕೊಂಡು ಎರಡು ದಿನ ಮಾತು ಬಿಟ್ಟೆ. ನನಗೆ ಬೇಜಾರಾಗ್ತದೆ ಅಂತ ಅವನು ಸುಮ್ಮನಾದ. ನಿನ್ನ ಹತ್ತಿರ 'ಆಗಿದೆ' ಅಂದದ್ದು ನನ್ನ ಮರ್ಯಾದೆ ಉಳಿಸ್ಲಿಕ್ಕೆ. ಅವನು ಸುಳ್ಳು ಹೇಳಿದ್ದಲ್ಲ ಮಗಾ. ಆಗಿತ್ತು. ನಾನು ಮಾಡಿದ್ದು ಆಗಿತ್ತು."

ಮಾನಪ್ಪ ಮೆಲ್ಲಗೆ ಹೊರಗೆ ತೆವಳಿ ಬಂದು ಎದ್ದು ನಿಂತ. "ತಪ್ಪ ಮಾತಾಡಿದ್ನಿ ಅಜ್ಜಾರ," ಎಂದ.

"ಇಲ್ಲ ಮಾರಾಯ. ಈ ಒಂದು ವರ್ಷದಲ್ಲಿ ಸರಿಯಾದ ಮಾತು ಆಡಿದವ ನೀನೊಬ್ಬನೇ."

ಮಾನಪ್ಪ ಕೈ ತೊಳೆಯುವ ನೆಪದಲ್ಲಿ ಹಿಂದಿನ ನಳದ ಕಡೆಗೆ ಹೋದ.

ಶ್ರೀಪ್ರಿಯಾ ಮೊಬೈಲನ್ನು ಚೀಲಕ್ಕೆ ಹಾಕಿದಳು. ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹಾಕುತ್ತ ಹೋಯಿತು. ಅವಳು ಅಳಬಹುದು, ಕಿರುಚಬಹುದು ಎಂದು ಮುರಾರಿ ರಾಯರು ಕಾದರು. ಅವಳು ಒಂದೇ ಪ್ರಶ್ನೆ ಕೇಳಿದಳು.

"ಹನ್ನೊಂದು ತಿಂಗಳಿಂದ ನಾನು ಅವರನ್ನು ಬೈಯ್ತಾ ಇದ್ದೆ. ಫೋನಲ್ಲಿ, ಮನೇಲಿ, ಎಲ್ಲರ ಎದುರು. ನೀವು ಕೇಳ್ತಾ ಇದ್ರಿ. ಅಲ್ವಾ?"

"ಕೇಳ್ತಾ ಇದ್ದೆ."

"ದಾರ ಕಟ್ಟಿದ್ದು ಹೋಗ್ಲಿ ಮಾವ. ಅದು ನಿಮ್ಗೆ ಗೊತ್ತಿಲ್ದೆ ಆದದ್ದು. ಇದು ಗೊತ್ತಿದ್ದೂ ಮಾಡಿದ್ದು."

ಮುರಾರಿ ರಾಯರು ಹೆದರಿದ್ದ ತಪ್ಪು ಒಂದು. ಅವಳು ಬೆರಳಿಟ್ಟು ತೋರಿಸಿದ್ದು ಇನ್ನೊಂದು, ಅದಕ್ಕಿಂತ ದೊಡ್ಡದು.

ಅವಳು ಮಾನಪ್ಪನಿಗೆ ಕೊಡುವುದನ್ನು ಕೊಟ್ಟು ಬಂದು ಸ್ಟಿಯರಿಂಗಿನ ಮುಂದೆ ಕುಳಿತಳು. ಗಾಜು ಇಳಿಸಿದಳು.

"ವರ್ಷಾಂತಕ್ಕೆ ಬರ್ತೇನೆ. ಮನೀಶನನ್ನೂ ಕರ್ಕೊಂಡು ಬರ್ತೇನೆ. ಅವನ ಪಪ್ಪನದ್ದು ತಪ್ಪಿಲ್ಲ ಅಂತ ಇವತ್ತೇ ಹೇಳ್ತೇನೆ. ಆದ್ರೆ ಪಿಂಡ ನೀವು ಇಡಬಾರ್ದು."

"ಮನೀಶನಿಗೆ ಉಪನಯನ ಆಗಲಿಲ್ಲವಲ್ಲ. ನಾನು ಅಪ್ಪ..."

"ಮನೀಶನ ಕೈಯಲ್ಲಿ ದರ್ಭೆ ಮುಟ್ಟಿಸಿ ಭಟ್ರೇ ಮಾಡ್ಲಿ. ನೀವು ಕೂತು ನೋಡಿ. ನಿಮ್ಮ ಕೈ ಅವರಿಗೆ ತಾಗೂದು ಬೇಡ."

ಕಾರು ರಸ್ತೆಗೆ ಇಳಿಯಿತು. ಎದುರಿನ ಸ್ಪೀಡ್ ಬ್ರೇಕರನ್ನು ಸದ್ದಿಲ್ಲದೆ ದಾಟಿ ಶಿಳ್ ಕಡೆಗೆ ತಿರುಗಿತು. ಮುರಾರಿ ರಾಯರು ಮತ್ತೆ ಸ್ಟೂಲಿನ ಮೇಲೆ ಕುಳಿತರು. ಮಾನಪ್ಪ ಒಂದು ಲೋಟ ಚಹಾ ತಂದು ಪಕ್ಕದಲ್ಲಿಟ್ಟು ಹೋದ.

ತಂದೆಗೆ, ತಾಯಿಗೆ, ಹೆಂಡತಿಗೆ ಅವರು ವರ್ಷ ತಪ್ಪದೆ ತಮ್ಮ ಕೈಯಾರೆ ಶ್ರಾದ್ಧ ಮಾಡಿದವರು. ಮಗನಿಗೆ ಮಾಡುವುದೇ ದೊಡ್ಡ ಶಿಕ್ಷೆ ಎಂದುಕೊಂಡಿದ್ದರು. ಮಾಡಲು ಬಿಡದಿರುವ ಶಿಕ್ಷೆಯೂ ಉಂಟೆಂದು ಇಂದು ತಿಳಿಯಿತು. ಅದು ಅನ್ಯಾಯ ಎಂದು ಹೇಳಲು ಅವರ ನಾಲಿಗೆ ಏಳಲಿಲ್ಲ.

ಚಹಾ ಆರುತ್ತಿರುವಾಗಲೇ ಪುರೋಹಿತ ಭಟ್ಟರಿಗೆ ಫೋನು ಮಾಡಿದರು. ವರ್ಷಾಂತದ ಕರ್ತೃ ನಾನಲ್ಲ, ಮಗುವಿನ ಪರವಾಗಿ ನೀವೇ ಮಾಡಬೇಕು ಎಂದರು.

"ಅರೆ, ಎಂತಾಯ್ತು ರಾಯರೇ? ಸೂತಕ ಏನಾದ್ರೂ ಬಂತಾ? ಊರಲ್ಲಿ ಯಾರಾದ್ರೂ ಹೆತ್ತರಾ, ಹೋದ್ರಾ?" ಭಟ್ಟರು ಗಾಬರಿಯಿಂದ ಕೇಳಿದರು. "ಸೂತಕ ಅಂದ್ರೆ ತೊಂದರೆಯಿಲ್ಲ, ಯಾರೂ ಕೇಳೂದಿಲ್ಲ."

ಹೂಂ ಎಂದಿದ್ದರೆ ಸಾಕಿತ್ತು. ಮುರಾರಿ ರಾಯರು ಒಮ್ಮೆ ಕಣ್ಣು ಮುಚ್ಚಿದರು.

"ಸೂತಕ ಅಲ್ಲ ಭಟ್ರೇ," ಎಂದರು. "ಸ್ವಲ್ಪ ಪುರುಸೊತ್ತು ಉಂಟಾ? ಅಭಿಜಿತ್ ಹೇಗೆ ಹೋದ ಅಂತ ನಿಮಗೆ ಹೇಳಲಿಲ್ಲ ನಾನು."