ಗೆದ್ದಲಿನ ಮೂರು ನಿಮಿಷ

ಪಕ್ಕದ ಮೇಜಿನವನು ಕೆಮ್ಮಿದರೂ ಅದರಲ್ಲೊಂದು ಮಸಲತ್ತಿದೆ ಎಂದು ಅವಳಿಗೆ ಅನ್ನಿಸತೊಡಗಿ ಹದಿನೈದು ದಿನವಾಗಿತ್ತು. ಅದಕ್ಕೂ ಮೊದಲು ಇಬ್ಬರೂ ಒಂದೇ ಫ್ಲಾಸ್ಕಿನ ಚಹಾ ಕುಡಿದವರು, ಒಂದೇ ಡಬ್ಬಿಯ ಸ್ಕ್ರೂ ಬಳಸಿದವರು. ಇಬ್ಬರದೂ ಗೆದ್ದಲಿನ ಸಂಶೋಧನೆ. ಮರದೊಳಗಿನ ಟಕಟಕ ಸದ್ದನ್ನು ಎಣಿಸಿ ಹುಳ ಎಷ್ಟಿವೆ ಎಂದು ಅವಳು ಹೇಳುತ್ತಿದ್ದಳು. ಅದೇ ಸದ್ದು ಹಿಡಿದು ಗೂಡು ಎಲ್ಲಿದೆ ಎಂದು ಅವನು ಹುಡುಕುತ್ತಿದ್ದ.

ಇಬ್ಬರ ನಡುವೆ ಹುಳಿ ಹಿಂಡಿದ್ದು ವಿಡಿಯೊ ಸ್ಪರ್ಧೆ. ಮೂರು ವರ್ಷದ ಕೆಲಸವನ್ನು ಮೂರು ನಿಮಿಷದಲ್ಲಿ, ವಿಜ್ಞಾನದ ಗಂಧಗಾಳಿ ಇಲ್ಲದವರಿಗೂ ತಿಳಿಯುವಂತೆ, ಕ್ಯಾಮೆರಾ ಮುಂದೆ ಒಂದೇ ಉಸಿರಿಗೆ ಹೇಳಬೇಕು. ನಡುವೆ ಕತ್ತರಿ ಹಾಕುವಂತಿಲ್ಲ. ಹೊರಗಿನವರೊಬ್ಬರು ಕೇಳಿ, 'ನನಗೆ ಅರ್ಥವಾಯಿತು' ಎಂದು ಸಹಿ ಮಾಡಿದ ಕಾಗದವೂ ಬೇಕು. ಗೆದ್ದವರಿಗೆ ಇನ್ನೊಂದು ವರ್ಷ ಕೆಲಸ, ಸೋತವರು ತಿಂಗಳ ಕೊನೆಗೆ ಮೇಜು ಖಾಲಿ ಮಾಡಬೇಕು. ವಿಭಾಗದಲ್ಲಿದ್ದವರೇ ಇಬ್ಬರು.

ಅಂದಿನಿಂದ ಅವನು ಅವಳ ಮೇಜಿನ ಹತ್ತಿರ ಸುಳಿದಾಡತೊಡಗಿದ. 'ನಿಮ್ಮ ಎಣಿಕೆ ಬಗ್ಗೆ ಒಂದು ಮಾತು' ಎಂದು ಮೂರು ಸಲ ಬಂದ. ಮೂರು ಸಲವೂ ಅವಳು ಲ್ಯಾಪ್‌ಟಾಪ್ ಮುಚ್ಚಿ, ಆಮೇಲೆ ನೋಡೋಣ ಎಂದು ಸಾಗಹಾಕಿದಳು. ಮಾತು ಆಡುವ ನೆಪದಲ್ಲಿ ಮಾತು ಕದಿಯುವವರನ್ನು ಅವಳು ಕಂಡಿರಲಿಲ್ಲವೇ? ಒಂದು ಬೆಳಿಗ್ಗೆ ಅವಳ ಪ್ರಯೋಗದ ಗೆದ್ದಲು ಹಿಡಿದ ಹಲಗೆಗಳು ಜಾಗ ಬದಲಿಸಿದ್ದವು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ, ನಿಜ. ಆದರೆ ಹಲಗೆಗೆ ಕಾಲಿಲ್ಲವಲ್ಲ!

ಶನಿವಾರ ಅವಳು ಸಹಿಗೆಂದು ಚಿಕ್ಕಪ್ಪನ ಬಡಗಿ ಅಂಗಡಿಗೆ ಹೊರಟಳು. ತಿರುವಿನಲ್ಲೇ ತಟ್ಟನೆ ನಿಂತಳು. ಅದೇ ಅಂಗಡಿಯಿಂದ ಪಕ್ಕದ ಮೇಜಿನವನು ಕಂಕುಳಲ್ಲಿ ಹಲಗೆ ಇಟ್ಟುಕೊಂಡು ಹೊರಬರುತ್ತಿದ್ದ. ತನ್ನ ಹಲಗೆಗಳು ಎಲ್ಲಿಂದ ಬರುತ್ತವೆಂದು ಒಳ್ಳೆಯ ದಿನಗಳಲ್ಲಿ ಅವಳೇ ಹೇಳಿದ್ದಳು. ಅವನು ಮರೆಯಾಗುವವರೆಗೆ ಗೋಡೆಯ ಬದಿಗೆ ನಿಂತಿದ್ದು ಒಳಗೆ ಹೋದಳು.

ಅವನ್ಯಾಕೆ ಬಂದಿದ್ದ ಎಂದು ಕೇಳಿದ್ದಕ್ಕೆ ಚಿಕ್ಕಪ್ಪ, ಮರ ಬೇಕಿತ್ತಂತೆ, ಮೊದಲು ನಿನ್ನದು ಶುರು ಮಾಡು ಎಂದ. ಅವಳು ಗಡಿಯಾರ ನೋಡಿಕೊಂಡು ಮೂರು ನಿಮಿಷವನ್ನೂ ಒಪ್ಪಿಸಿದಳು. ಶಬ್ದ ಹಿಡಿಯುವ ಯಂತ್ರವನ್ನು ಹಲಗೆಗೆ ಸ್ಕ್ರೂನಿಂದ ಬಿಗಿಯುವುದು, ಟಕಟಕ ಎಣಿಸುವುದು, ಹೆಚ್ಚು ಸದ್ದಿದ್ದರೆ ಹೆಚ್ಚು ಹುಳ. ಚಿಕ್ಕಪ್ಪ ಕೀಸುಳಿ ಕೆಳಗಿಟ್ಟ.

"ಚೆನ್ನಾಗಿ ಹೇಳ್ದೆ ಮಗಳೇ. ಆದ್ರೆ ತುಂಬಾ ತಿಂದಿರೋ ಹಲಗೇಲಿ ಸ್ಕ್ರೂ ಹೇಗೆ ನಿಲ್ಲಿಸ್ದೆ?"

ನಿಲ್ಲುತ್ತಿರಲಿಲ್ಲ ಎಂದಳು. ಕಿತ್ತು ಪಕ್ಕದಲ್ಲಿ ಬಿಗಿಯಬೇಕಾಗುತ್ತಿತ್ತು, ಕೆಲವಕ್ಕೆ ನಾಲ್ಕು ಸಲ.

"ಬಿಗಿದ ಮೇಲೆ ಎಷ್ಟು ಹೊತ್ತಿಗೆ ಎಣಿಸ್ದೆ?"

"ಆಗಲೇ."

"ಹಾಗಾದ್ರೆ ಅವು ಹೆದರಿ ಮರಕ್ಕೆ ತಲೆ ಚಚ್ಚಿಕೊಂಡಿರ್ತವೆ, ಆ ಟಕಟಕಾನೇ ನೀನು ಎಣಿಸಿದ್ದು. ನಾನೂ ಮರ ತಟ್ಟಿ ಕಿವಿ ಇಡೋನೇ. ಹೆಚ್ಚು ತಟ್ಟಿದ್ರೆ ಹೆಚ್ಚು ಗದ್ದಲ, ಗೂಡು ಸಣ್ಣದಾದ್ರೂ ಅಷ್ಟೇ."

ಅವಳಿಗೆ ತಪ್ಪು ಹೊಳೆಯುವ ಮೊದಲೇ ಅನುಮಾನ ಹೊಳೆಯಿತು.

"ಇದು ನಿನ್ನ ಪ್ರಶ್ನೆನಾ, ಅವನದಾ?"

"ಅರ್ಧ ಅವನದು. ತಿಂದ ಹಲಗೇಲಿ ಸ್ಕ್ರೂ ಹಿಡಿಯುತ್ತಾ ಅಂತ ಕೇಳೋಕೂ ಬಂದಿದ್ದ. ನಿನ್ನ ಹಲಗೆಗಳನ್ನ ಎತ್ತಿ ಸ್ಕ್ರೂ ತೂತು ನೋಡಿದಾಗ ಅನುಮಾನ ಬಂತಂತೆ. ಅವನ ಲೆಕ್ಕಾನೂ ಅದೇ ಸ್ಕ್ರೂ ಮೇಲೆ ನಿಂತಿತ್ತಂತೆ. ನಿನ್ನೆ ಸ್ಪರ್ಧೆಯಿಂದ ಹೆಸರು ವಾಪಸ್ ತಗೊಂಡನಂತೆ."

ಇಷ್ಟು ಹೇಳಿ ಚಿಕ್ಕಪ್ಪ ಕಿವಿಯ ಮೇಲಿನ ಪೆನ್ಸಿಲ್ ಬಿಟ್ಟು ಪೆನ್ನು ಹುಡುಕಿ, ಕಾಗದಕ್ಕೆ ಸಹಿ ಹಾಕಿಕೊಟ್ಟ. ಅರ್ಥವಾಯಿತಾ ಎಂದು ತಾನೇ ಕಾಗದ ಕೇಳುವುದು, ಅರ್ಥವಾಗಿದೆ ಎಂದ.

ಅವಳು ಅಷ್ಟಕ್ಕೇ ನಂಬುವವಳಲ್ಲ. ಹೆಸರು ವಾಪಸ್ ಪಡೆದದ್ದೂ ಒಂದು ಆಟವಿರಬಹುದು, ತನ್ನ ತಲೆಗೆ ಹುಳ ಬಿಟ್ಟು ತಾನು ಹಿಂದೆ ಸರಿದ ಮೇಲೆ ಅವನು ಕೊನೆ ಗಳಿಗೆಯಲ್ಲಿ ನುಗ್ಗಬಹುದು. ಭಾನುವಾರ ಖಾಲಿ ಪ್ರಯೋಗಾಲಯಕ್ಕೆ ಹೋಗಿ ಒಂದು ಹಲಗೆಗೆ ಸ್ಕ್ರೂ ಬಿಗಿದಳು. ಆ ಕ್ಷಣ ನಿಮಿಷಕ್ಕೆ ನಲವತ್ತು ಸದ್ದು. ಮುಟ್ಟದೆ ಎರಡು ಗಂಟೆ ಕಾದಳು. ಮೂರಕ್ಕಿಳಿಯಿತು. ನಾಲ್ಕು ಸಲ ಕಿತ್ತು ಬಿಗಿದಾಗ ಅರವತ್ತು ದಾಟಿತು. ಮೂರು ವರ್ಷ ನೀರಿನಲ್ಲಿ ಹೋಮವಾದದ್ದನ್ನು ಅವಳು ಹಾಳೆಯ ಮೇಲೆ ತಾನೇ ಬರೆದುಕೊಂಡಳು.

ಸೋಮವಾರ ಕಚೇರಿಯ ಗುಮಾಸ್ತರನ್ನು ವಿಚಾರಿಸಿದಳು. ಅವನ ಹೆಸರಿನ ಮೇಲೆ ಗೆರೆ ಎಳೆದಿತ್ತು, ಹೆಸರು ಕೊಡುವ ಗಡುವೂ ಮುಗಿದಿತ್ತು. ಉಳಿದದ್ದು ಅವಳೊಬ್ಬಳೇ. ಬಾಯಿಪಾಠ ಒಪ್ಪಿಸಿದರೆ ಸಾಕು, ಇನ್ನೊಂದು ವರ್ಷ ಅವಳದೇ. ಕೇಳುವವರಿಗೆ ಸ್ಕ್ರೂ ವಿಷಯ ಎಲ್ಲಿಂದ ಹೊಳೆಯಬೇಕು? ಅವಳಿಗೆ ಮೊದಲು ಖುಷಿಯಾಯಿತು. ಆ ಖುಷಿಯನ್ನು ಕಂಡು ನಾಚಿಕೆಯಾಯಿತು.

ಚಿತ್ರೀಕರಣದ ಕೋಣೆಯಲ್ಲಿ ಕ್ಯಾಮೆರಾದವಳು ಕೈ ಎತ್ತಿ ಶುರು ಮಾಡಿ ಎಂದಳು. ಮೊದಲ ನಿಮಿಷ ಎಂದಿನಂತೆ ಹೋಯಿತು. 'ಹೆಚ್ಚು ಸದ್ದಿದ್ದರೆ' ಎಂಬಲ್ಲಿಗೆ ಬಂದು ನಿಂತಳು. ಕ್ಯಾಮೆರಾದವಳು ತಲೆ ಎತ್ತಿ ನೋಡಿದಳು.

"ಹೆಚ್ಚು ಸದ್ದಿದ್ರೆ ಹೆಚ್ಚು ಹುಳ ಅಂತ ಹೇಳೋಕೆ ಬಂದಿದ್ದೆ," ಎಂದಳು. "ಅದು ತಪ್ಪು. ನಾನು ಎಣಿಸಿದ್ದು ಅವುಗಳ ಹೆದರಿಕೆಯನ್ನ. ಹೆದರಿಸಿದ್ದೂ ನಾನೇ. ಹುಳ ಎಷ್ಟಿವೆ ಅಂತ ನನಗೆ ಗೊತ್ತಿಲ್ಲ."

ಇನ್ನೂ ಒಂದು ನಿಮಿಷಕ್ಕೂ ಹೆಚ್ಚು ಸಮಯವಿತ್ತು. ಹೇಳಲು ಬರೆದುಕೊಂಡದ್ದು ಏನೂ ಇರಲಿಲ್ಲ.

"ಈ ತಪ್ಪನ್ನ ಮೊದಲು ಕಂಡವರು ನನ್ನ ಪಕ್ಕದ ಮೇಜಿನವರು. ಹೇಳೋಕೆ ಮೂರು ಸಲ ನನ್ನ ಹತ್ತಿರ ಬಂದಿದ್ರು. ಮರದೊಳಗಿನ ಹುಳದ ಸದ್ದು ಕೇಳೋದು ನನ್ನ ಕೆಲಸ. ಅವರ ಮಾತು ಮಾತ್ರ ಒಂದು ಸಲವೂ ಕೇಳಲಿಲ್ಲ."