ಮೊಣಕಾಲೆತ್ತರದ ಮಾಟಗಾತಿ

ನನ್ನ ಅಕ್ಕ ನಗುವವಳಲ್ಲ. ನಾವಿಬ್ಬರೂ ಸೇರಿ ಬರೆದ, ಮೂವರು ಮಾಟಗಾತಿಯರ ಕತೆಯ ಏಳು ಪುಸ್ತಕಗಳನ್ನು ಓದಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಾರಂತೆ. ಅದರಲ್ಲಿ ಅರ್ಧ ಕತೆ ಕಟ್ಟಿದವಳು ಹಲ್ಲು ಬಿಟ್ಟದ್ದನ್ನು ಮಾತ್ರ ನಾನು ಕಂಡಿರಲಿಲ್ಲ.

ನಾವಿಬ್ಬರೂ ದರ್ಜಿಗಳು. ಅಂಗಡಿಯಲ್ಲಿ ಅವಳು ಮೆಷಿನ್ ತುಳಿಯುತ್ತಿದ್ದಳು. ನಾನು ಕಾಜಾ ಹಾಕಿ ಗುಂಡಿ ಹಚ್ಚಿ, ಬಿಡುವಾದಾಗ ಬರೆದದ್ದನ್ನು ಅವಳಿಗೆ ಓದಿ ಹೇಳುತ್ತಿದ್ದೆ. ಮಾತು ಹಿಡಿಸಿದರೆ ತುಳಿಯುವ ಕಾಲು ನಿಲ್ಲುತ್ತಿತ್ತು. ನಿಂತರೆ ಆ ಸಾಲು ಪುಸ್ತಕಕ್ಕೆ, ನಿಲ್ಲದಿದ್ದರೆ ಇಸ್ತ್ರಿ ಪೆಟ್ಟಿಗೆಯ ಕೆಂಡಕ್ಕೆ. ಈ ಕಟ್ಟಳೆ ಅವಳದೇ. ಹಳ್ಳಿಶಾಲೆಯಲ್ಲಿ ಓದು ಮುಗಿಸಿದ ನಮಗೆ ಬೇರೆ ತಕ್ಕಡಿ ಇರಲಿಲ್ಲ.

ನಮ್ಮ ಹಿರಿಯ ಮಾಟಗಾತಿಗೆ ಎತ್ತರವೆಂದರೆ ಜೀವಭಯ. ಪೊರಕೆಯ ಮೇಲೆ ಕೂತು ಮೊಣಕಾಲೆತ್ತರದಲ್ಲೇ ಹಾರುತ್ತಾಳೆ. ಬೀದಿನಾಯಿಗಳು ಅಟ್ಟಿಸಿಕೊಂಡು ಬರುತ್ತವೆ, ಕೋಳಿಗಳು ಹಿಂದೆ ಹಾಕಿ ಹೋಗುತ್ತವೆ. ಅದು ಅಕ್ಕನ ಕಲ್ಪನೆ. "ಮೇಲೆ ಹೋದ್ರೆ ಬೀಳ್ತಾಳೆ ಕಣೇ. ಕೆಳಗಿದ್ರೆ ಬರೀ ಮರ್ಯಾದೆ ಹೋಗುತ್ತೆ" ಅಂದಿದ್ದಳು.

ಎಂಟನೆಯ ಪುಸ್ತಕದಲ್ಲಿ ಈ ಮಾಟಗಾತಿ ಒಬ್ಬ ನ್ಯಾಯಾಧೀಶನನ್ನು ಕಪ್ಪೆ ಮಾಡಿ, ಮರಳಿ ಮನುಷ್ಯನಾಗಿಸುವ ಮಂತ್ರ ಮರೆತುಬಿಡುತ್ತಾಳೆ. ಕಪ್ಪೆಯನ್ನು ಬಕೆಟ್‌ನಲ್ಲಿ ಹಾಕಿಕೊಂಡು ಅವನ ಮನೆಗೆ ಹೋಗುತ್ತಾಳೆ. ಹೆಂಡತಿ ಬಕೆಟ್‌ನೊಳಗೆ ಇಣುಕಿ, "ಇರಲಿ ಬಿಡಿ, ಇನ್ನಾದ್ರೂ ನಾನು ಹೇಳೋದನ್ನ ಕೂತು ಕೇಳ್ತಾರೆ" ಅನ್ನುತ್ತಾಳೆ.

ಒಂದು ಬೆಳಿಗ್ಗೆ ಆ ಪುಟ ಓದುತ್ತಿದ್ದೆ. ಹೆಂಡತಿಯ ಆ ಮಾತಿಗೆ ಬರುವಷ್ಟರಲ್ಲಿ ಅಕ್ಕನ ಕಾಲು ನಿಂತಿತು.

ನನಗೆ ಹಿಗ್ಗೋ ಹಿಗ್ಗು. ಮುಂದಿನ ಸಾಲು ಓದಿದೆ, ಕಾಲು ಅಲುಗಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಅಕ್ಕನ ಕೈಯಲ್ಲಿ ಇಡೀ ಪುಟ ಪಾಸಾದದ್ದು ಅದೇ ಮೊದಲು. ಕೊನೆಯ ಸಾಲಿನವರೆಗೂ ಓದಿ, "ಏನಕ್ಕಾ, ಇವತ್ತು ಭಾರಿ ಧಾರಾಳ?" ಎಂದು ತಲೆ ಎತ್ತಿದೆ. ಅವಳ ಬಾಯಿ ಒಂದು ಕಡೆಗೆ ಜಾರಿತ್ತು. ಹೊಲಿಯುತ್ತಿದ್ದ ಅಂಗಿಯ ತೋಳಿನ ಮೇಲೆ ಜೊಲ್ಲು ಸುರಿದಿತ್ತು.

ಲಕ್ವ. ಬಲಗೈ ಬಲಗಾಲು ಹೋದವು, ಮಾತೂ ಹೋಯಿತು. ಬಂದದ್ದು ನಗು. ಕುಕ್ಕರ್ ಕೂಗಿದರೆ ನಗು, ಬಾಗಿಲು ಬಡಿದರೆ ನಗು, ಪಕ್ಕದ ಮನೆಯ ಮುದುಕ ಸತ್ತ ಸುದ್ದಿಗೂ ನಗು.

"ಅದು ನಗು ಅಲ್ಲಮ್ಮ, ನರದ ಆಟ" ಎಂದರು ಡಾಕ್ಟರು.

"ಅರವತ್ತು ವರ್ಷ ಸುಮ್ನಿದ್ದ ನರಕ್ಕೆ ಈಗ ಬಂತೇನ್ರೀ ಆಟ?" ಎಂದೆ. ಅವರ ಮೇಲೆ ಕೂಗಾಡಿ ಏನು ಬಂತು?

ಪ್ರಕಾಶಕ ಪುಸ್ತಕ ಎಲ್ಲಿಗೆ ಬಂತೆಂದು ಕೇಳಿದಾಗ ಆ ಪುಟವನ್ನು ಫೋನಿನಲ್ಲೇ ಓದಿ ಹೇಳಿದೆ. "ಮೇಡಂ, ಇದನ್ನೇ ಮೊದಲಿಗೆ ಹಾಕೋಣ. ಅಕ್ಕ ಒಪ್ಪಿದಾರೆ ತಾನೇ?"

"ಒಪ್ಪಿ ಸುಮ್ಮನಾದ್ಲೋ, ಪ್ರಾಣ ಹೋಗೋ ಹಾಗಾಗಿ ಸುಮ್ಮನಾದ್ಲೋ, ನಂಗೇನ್ರೀ ಗೊತ್ತು" ಎಂದು ಫೋನ್ ಕುಕ್ಕಿದೆ.

ನನಗೆ ಬೇಕಾದದ್ದು ಅದೊಂದೇ. ಕಪ್ಪೆಯ ಹೆಂಡತಿಯ ಮಾತಿಗೆ ಕಾಲು ನಿಂತಿದ್ದರೆ, ಆ ಒಂದು ಗಳಿಗೆಯಾದರೂ ಅಕ್ಕ ನನ್ನ ಜೊತೆಗಿದ್ದಳು. ಇಲ್ಲವಾದರೆ ನಾನು ಮುಳುಗುತ್ತಿದ್ದವಳಿಗೆ ದಡದಲ್ಲಿ ಕೂತು ಜೋಕು ಹೇಳಿದ್ದೆ.

ನಿನ್ನೆ ಅಂಗಡಿಯ ಷಟರ್ ಅರ್ಧ ಎಳೆದು, ಅಕ್ಕನನ್ನು ಎತ್ತಿ ಅವಳ ಮೆಷಿನ್ ಮುಂದೆ ಕೂರಿಸಿದೆ. ಬೀಳದಂತೆ ಕುರ್ಚಿಗೆ ಹೊದಿಕೆ ಬಿಗಿದೆ. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು, ಅವಳ ಎಡಗಾಲನ್ನು ತುಳಿಹಲಗೆಯ ಮೇಲೆ ನನ್ನ ಕಾಲಿಗೆ ಆನಿಸಿದೆ. ಎಡಗಾಲಿನಲ್ಲಿ ಜೀವವಿದೆ. ಬೇಕೆನಿಸಿದರೆ ಒತ್ತಿ ನಿಲ್ಲಿಸಬಲ್ಲಳು.

"ಅಕ್ಕಾ, ಹಿಡಿಸಿದ್ರೆ ನಿಲ್ಸು. ಹಿಡಿಸದಿದ್ರೆ ನನ್ನ ಬೈಯೋಕಾದ್ರೂ ನಿಲ್ಸು."

ನಕ್ಕಳು. ನಾನು ತುಳಿಯುತ್ತಾ ಓದಿದೆ. ಮಾಟಗಾತಿ ಬಂದಳು, ಬಕೆಟ್ ಬಂತು, ಹೆಂಡತಿ ಇಣುಕಿದಳು. ಮೆಷಿನ್ ಓಡುತ್ತಲೇ ಇತ್ತು. ಅಕ್ಕನ ಕಾಲು ನನ್ನ ಕಾಲಿನ ಜೊತೆ ಮೂಟೆಯ ಹಾಗೆ ಏರಿ ಇಳಿಯಿತು. ಮೊದಲಿನಿಂದ ಮತ್ತೆ ಓದಿದೆ. ನಡುವೆ ದಾರ ಮುಗಿದು, ಸೂಜಿ ಬರಿದೇ ಬಟ್ಟೆಯನ್ನು ಚುಚ್ಚತೊಡಗಿತು. ಅವಳು ಕಣ್ಣೀರು ಬರುವಂತೆ ನಗುತ್ತಿದ್ದಳು. ಅಷ್ಟರಲ್ಲಿ ಅಂಗಡಿಯ ಹಿಂದಿನ ನಮ್ಮ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಅದಕ್ಕೂ ಅದೇ ನಗು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

ನಾನು ಕಾಲು ತೆಗೆದೆ. ಮೆಷಿನ್ ನಿಂತಿತು. ನಿಲ್ಲಿಸಿದವಳು ನಾನು, ಅಕ್ಕನಲ್ಲ.

ಇಸ್ತ್ರಿ ಪೆಟ್ಟಿಗೆಯ ಮುಚ್ಚಳ ತೆರೆದು ಪುಟವನ್ನು ಕೆಂಡಕ್ಕೆ ಹಾಕಿದೆ. ಕಾಗದ ಭಗ್ಗನೆ ಹೊತ್ತಿಕೊಂಡಿತು. ಅದನ್ನು ನೋಡಿ ಅಕ್ಕ ನಕ್ಕಳು.